ನೀರು ಮತ್ತು ನೀವು

ಎಲ್ ಬಾಂಕೊ, ೧೮ ಫೆಬ್ರವರಿ ೨೦೦೮

ಮಾನ್ಯ ಶ್ರೀ ಕಾಂಪೊ ಎಲಿಯಾಸ್ ಸುವೆಸ್ಕುನ್ ಅವರಿಗೆ,

ನಮ್ಮ ಅನ್ವಯಿಕ ಗಣಿತ ಪದವಿಯ ಅಂತಿಮ ವರ್ಷದ ಜೋಡಿಗಳ ಪಟ್ಟಿ ನಿನ್ನೆ ಕಂಪ್ಯೂಟರಿನಲ್ಲಿ ಪ್ರಕಟವಾಯಿತು. ಹದಿನಾಲ್ಕನೆಯ ಜೋಡಿ ನೀವು ಮತ್ತು ನಾನು. ಮೂರು ವರ್ಷ ಒಂದೇ ಆನ್‌ಲೈನ್ ತರಗತಿಯಲ್ಲಿದ್ದರೂ ನಾವು ಪರಸ್ಪರ ಪರದೆಯ ಮೇಲಿನ ಹೆಸರುಗಳಷ್ಟೇ ಆಗಿದ್ದೆವು. ಇನ್ನು ನವೆಂಬರಿನೊಳಗೆ ಇಬ್ಬರೂ ಕೂಡಿ ಒಂದು ಪ್ರಬಂಧ ಸಿದ್ಧಪಡಿಸಿ, ಮೂವರು ಪರೀಕ್ಷಕರೆದುರು ಅದನ್ನು ಸಮರ್ಥಿಸಬೇಕಾಗಿದೆ.

ನಾನು ಮೂವತ್ತನಾಲ್ಕು ವರ್ಷ ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಈಗ ಅರವತ್ತಮೂರು. ಭಾಗಾಕಾರ ಕಲಿಸಿ ಕಲಿಸಿ, ಅದರಾಚೆ ಏನಿದೆಯೆಂದು ನೋಡದೆ ಸಾಯಲು ಮನಸ್ಸಾಗದೆ ಈ ಪದವಿಗೆ ಸೇರಿದೆ.

ನಮ್ಮ ಕೆಲಸ ಅಂಚೆಯ ಮೂಲಕ ನಡೆಯಲೆಂಬುದು ನನ್ನ ಕೋರಿಕೆ. ಕೀಲಿಮಣೆಯಲ್ಲಿ ಸಮೀಕರಣಗಳು ಕುಂಟುತ್ತವೆ. ದೂರವಾಣಿ ಬೇಡ, ಅದರಲ್ಲಿ ಯಾರೂ ವಾಕ್ಯವನ್ನು ಪೂರ್ಣಗೊಳಿಸುವುದಿಲ್ಲ.

ಚರ್ಚಾ ವೇದಿಕೆಯಲ್ಲಿ ಎಲ್ಲರೂ ಎಲ್ಲರನ್ನೂ 'ನೀನು' ಎನ್ನಬೇಕೆಂದು ಬೊಗೊಟಾದ ಬೋಧಕರು ವಿಧಿಸಿದ್ದಾರೆ. ಇಪ್ಪತ್ತರ ಹುಡುಗನೊಬ್ಬ "ನೀನು ಮೂರನೇ ಲೆಕ್ಕ ಮಾಡಿದ್ಯಾ?" ಎಂದು ನನ್ನನ್ನು ಕೇಳಿದ ದಿನ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದ್ದೆ. ಆದರೂ ನಿಯಮ ನಿಯಮವೇ. ಮುಂದಿನ ಪತ್ರದಿಂದ ನಾವೂ ಹಾಗೆಯೇ ಬರೆಯೋಣ.

ಕೊನೆಯದಾಗಿ, 'ವಿಳಂಬ' ಎಂಬ ಪದವನ್ನು ನೀವು ವೇದಿಕೆಯಲ್ಲಿ ನಾಲ್ಕು ಸಲ 'ವಿಳಂಭ' ಎಂದು ಬರೆದಿದ್ದೀರಿ. ಆ ಬಕಾರದ ಹೊಟ್ಟೆಯನ್ನು ದಯವಿಟ್ಟು ಸೀಳಬೇಡಿ.

ವಿಶ್ವಾಸಪೂರ್ವಕ,
ನಿಕೊಲಾಸಾ ಪಾಲೊಮಿನೊ


ಸೊವಾತಾ ಕೆಳಗಿನ ಸೇತುವೆ, ೫ ಮಾರ್ಚ್ ೨೦೦೮

ನಿಕೊಲಾಸಾ ಟೀಚರಿಗೆ,

ಹೊಟ್ಟೆ ಸೀಳಿದ್ದಕ್ಕೆ ಕ್ಷಮೆ ಇರಲಿ. ನಾನು ಓದು ಕಲಿತದ್ದು ರೇಡಿಯೊದಿಂದ. ಬೊಯಾಕಾದ ನಮ್ಮ ಬೆಟ್ಟಗಳಲ್ಲಿ ಆಗ ಶಾಲೆಯೇ ರೇಡಿಯೊ. ರೇಡಿಯೊದಲ್ಲಿ ಅಕ್ಷರದ ಹೊಟ್ಟೆ ಕಾಣುವುದಿಲ್ಲ.

ನಿಯಮದಂತೆ 'ನೀನು' ಎಂದೇ ಬರೆಯುತ್ತಿದ್ದೇನೆ. ತಪ್ಪಾದರೆ ತಿದ್ದು.

ನಾನು ಇಪ್ಪತ್ತೇಳು ವರ್ಷದಿಂದ ಚಿಕಮೊಚಾ ನದಿಯ ಅಳತೆಗಾರ. ಸೇತುವೆಯ ಕಾಲಿಗೆ ಬಣ್ಣದ ಗೆರೆಗಳ ಕಬ್ಬಿಣದ ಅಳತೆಗೋಲೊಂದನ್ನು ಬಿಗಿದಿದ್ದಾರೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರು ಎಷ್ಟನೆಯ ಗೆರೆಯಲ್ಲಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಹಾಳೆ ರಾಜಧಾನಿಗೆ ಹೋಗುತ್ತದೆ. ಹೋದ ಹಾಳೆ ಏನಾಯಿತು ಎಂದು ಒಬ್ಬರೂ ಹೇಳಿದ್ದಿಲ್ಲ. ಒಮ್ಮೆ ಬಂದ ಅಧಿಕಾರಿಯನ್ನು ಕೇಳಿದೆ. "ಅದೆಲ್ಲಾ ಗಣಿತ ಕಣಪ್ಪಾ, ನಿನಗ್ಯಾಕೆ?" ಎಂದ. ಯಾಕೆಂದು ನೋಡೋಣ ಎಂದು ಸೇರಿದೆ.

ಈ ಕಣಿವೆಯಲ್ಲಿ ಫೋನು ಹಿಡಿಯುವುದಿಲ್ಲ. ಶನಿವಾರ ಊರಿನ ಚರ್ಚಿನ ಕಂಪ್ಯೂಟರಿಗೆ ಹೋಗುತ್ತೇನೆ. ನಮ್ಮ ಹೇಸರಗತ್ತೆ ಮೊರೊಚಾಳ ಮೇಲೆ ಎರಡು ಗಂಟೆ ದಾರಿ. ಏರಿನಲ್ಲಿ ಅವಳು ನಿಂತುಬಿಡುತ್ತಾಳೆ. "ನಡೀರಿ, ಸೋಮಾರಿ! ನಿಮ್ಮಿಂದ ನಂಗೆ ಪಾಠ ತಪ್ಪತ್ತೆ!" ಎಂದು ಬೈದರೆ ಕಿವಿ ಹಿಂದಕ್ಕೆ ಮಡಚುತ್ತಾಳೆ, ಕಾಲು ಎತ್ತುವುದಿಲ್ಲ.

ನಿನ್ನ ಊರನ್ನು ಭೂಪಟದಲ್ಲಿ ಹುಡುಕಿದೆ. ಮಗ್ದಲೇನಾ ದಡದಲ್ಲಿದೆ. ನಮ್ಮ ಚಿಕಮೊಚಾ ಇನ್ನೊಂದು ನದಿಯನ್ನು ಕೂಡಿ, ಹೆಸರು ಬದಲಿಸಿಕೊಂಡು, ಬರ್ರಾಂಕಾ ಪಟ್ಟಣದ ಕೆಳಗೆ ಮಗ್ದಲೇನಾಕ್ಕೆ ಬೀಳುತ್ತದೆ. ಅಲ್ಲಿಂದ ನಿನ್ನಲ್ಲಿಗೆ. ಅಂದರೆ ನಾನು ಇಷ್ಟು ವರ್ಷ ಅಳೆದು ಕಳಿಸಿದ ನೀರೆಲ್ಲ ನಿನ್ನ ಊರಿನ ಮುಂದೆಯೇ ಹಾದು ಹೋಗಿದೆ. ಎಷ್ಟು ದಿನಕ್ಕೆ ತಲುಪುತ್ತದೆ? ಅದನ್ನೇ ನಮ್ಮ ಪ್ರಬಂಧ ಮಾಡಿದರೆ ಹೇಗೆ?

ಕಾಂಪೊ ಎಲಿಯಾಸ್


ಎಲ್ ಬಾಂಕೊ, ೨೭ ಮಾರ್ಚ್ ೨೦೦೮

ಕಾಂಪೊ ಎಲಿಯಾಸ್,

ನಿನ್ನ ಪ್ರಶ್ನೆಯನ್ನು ಒಪ್ಪಿದ್ದೇನೆ. ಬಂದರಿನಿಂದ ನದಿಗಿಳಿಯುವ ಕಲ್ಲಿನ ಮೆಟ್ಟಿಲುಗಳು ಇಪ್ಪತ್ತೆಂಟು. ನನ್ನ ಹಳೆಯ ತರಗತಿಯ ಅಡಿಪಟ್ಟಿಯಿಂದ ಒಂದೊಂದರ ಎತ್ತರವನ್ನೂ ಅಳೆದೆ. ಯಾವ ಎರಡೂ ಸಮನಾಗಿಲ್ಲ. ಕಟ್ಟಿದವರನ್ನು ನಾನು ತೇರ್ಗಡೆ ಮಾಡುತ್ತಿರಲಿಲ್ಲ. ಇನ್ನು ಪ್ರತಿದಿನ ಬೆಳಿಗ್ಗೆ ನೀರು ಎಷ್ಟನೆಯ ಮೆಟ್ಟಿಲಲ್ಲಿದೆಯೆಂದು ದಾಖಲಿಸುತ್ತೇನೆ. ನಾನು ಅಡಿಪಟ್ಟಿ ಹಿಡಿದು ಬಾಗಿದ್ದಾಗ ಮೀನು ಮಾರುವ ಓಲ್ಗಾ, "ಟೀಚರಮ್ಮಾ, ನದಿಗೂ ಅಂಕ ಹಾಕೋಕೆ ಶುರು ಮಾಡಿದ್ರಾ?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು.

ಹೇಸರಗತ್ತೆಗೆ ನೀನು ಬಹುವಚನ ಬಳಸುವುದನ್ನು ಓದಿ ನಕ್ಕೆ. ಪ್ರಾಣಿಗೆ ತೋರುವ ಮರ್ಯಾದೆ ಮನುಷ್ಯರಿಗಿಲ್ಲ! ತಮಾಷೆ ಮಾಡಿದೆ, ತಪ್ಪು ತಿಳಿಯಬೇಡ. ನಿಜ ಹೇಳುವುದಾದರೆ, ಈ 'ನೀನು' ನನಗೆ ಅಷ್ಟು ಕಹಿಯಾಗಲಿಲ್ಲ. ನಮ್ಮ ಈ ಕಡೆ ಸಮಾನರೆಲ್ಲ ಒಬ್ಬರನ್ನೊಬ್ಬರು 'ನೀನು' ಎನ್ನುವವರೇ. ಆದರೆ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳಿಗೆ ಸಮಾನರು ಉಳಿಯುವುದಿಲ್ಲ. ಮೇಯರನಿಂದ ಓಲ್ಗಾಳವರೆಗೆ ಎಲ್ಲರಿಗೂ ನಾನು 'ನೀವು'. ತಂಗಿ ತೊಮಾಸಾ ಒಬ್ಬಳೇ 'ನೀನು' ಎನ್ನುವವಳು, ಅದೂ ಬೈಯುವಾಗ. ಈಗ ಇಬ್ಬರಾದಿರಿ.

ಪತ್ರದ ಜೊತೆ ನೀನು ಕಳಿಸಿದ ಅವಕಲನದ ಲೆಕ್ಕದಲ್ಲಿ, ಎರಡನೆಯ ಪುಟದಲ್ಲಿ, ಚಿಹ್ನೆ ತಪ್ಪಿದೆ. ಕೆಂಪು ಪೆನ್ಸಿಲಿನಿಂದ ಗುರುತಿಸಿದ್ದೇನೆ. 'ವಿಳಂಭ' ಮತ್ತೆ ಮೂರು ಸಲ.

ನಿಕೊಲಾಸಾ ಪಾಲೊಮಿನೊ


ಸೊವಾತಾ ಕೆಳಗಿನ ಸೇತುವೆ, ೨೪ ಮೇ ೨೦೦೮

ನಿಕೊಲಾಸಾ,

ಸಿಕ್ಕಿತು! ನನ್ನ ಅಳತೆಗಳನ್ನು ಒಂದು ಉದ್ದದ ಕಾಗದದ ಮೇಲೆ ಬಿಡಿಸಿದೆ, ನಿನ್ನ ಮೆಟ್ಟಿಲುಗಳನ್ನು ಇನ್ನೊಂದರ ಮೇಲೆ. ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ನಿನ್ನದನ್ನು ಒಂದೊಂದೇ ದಿನ ಹಿಂದಕ್ಕೆ ಸರಿಸುತ್ತ ಹೋದೆ. ಒಂದು ದಿನ, ಎರಡು ದಿನ, ಏನೂ ಕೂಡಲಿಲ್ಲ. ಆರನೆಯ ದಿನಕ್ಕೆ ಸರಿಸಿದಾಗ ನನ್ನ ಉಬ್ಬು ನಿನ್ನ ಉಬ್ಬಿನ ಮೇಲೆ ಕೂತಿತು, ಕಾಗದ ಒಂದೇ ಆದ ಹಾಗೆ. ಆಮೇಲೆ ಬೋಧಕರು ಕಲಿಸಿದ ಸೂತ್ರ ಹಾಕಿ ನೋಡಿದೆ. ಅದೂ ಆರು ಎಂದಿತು. ಅಂಚೆಗೆ ಒಂಬತ್ತು ದಿನ, ನದಿಗೆ ಆರೇ ದಿನ. ಸರಕಾರಕ್ಕಿಂತ ನೀರೇ ಚುರುಕು.

ಶನಿವಾರ ಕಂಪ್ಯೂಟರ್ ಕೋಣೆಯ ಹೆಣ್ಣುಮಗಳು, "ಕಾಂಪೊ ಎಲಿಯಾಸ್, ನಿಮ್ಮ ಮುಖ ಏನು ಹಿಂಗೆ ಹೊಳೀತಿದೆ, ಲಾಟರಿ ಹೊಡೀತಾ?" ಎಂದಳು. "ಆರು ದಿನ ಹೊಡೀತು" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಆದರೆ ಒಂದು ಮಾತು. ನಿನ್ನ ನದಿ ದೊಡ್ಡದು, ನನ್ನದು ಚಿಕ್ಕದು. ನಾನು ಇಲ್ಲಿ ಒಂದು ಮೀಟರ್ ಏರಿದರೆ ನಿನ್ನಲ್ಲಿ ಬರುವುದು ಎರಡು ಬೆರಳು ಅಷ್ಟೆ. ಎರಡೇ ಬೆರಳು.

ನಮ್ಮೂರಿನ ಖರ್ಜೂರವನ್ನು ಪಾಕದಲ್ಲಿ ಹಾಕಿ ಡಬ್ಬಿ ಕಳಿಸಿದ್ದೇನೆ. ಹೆಂಡತಿ ರೊಸಾಲ್ಬಿನಾ ಇದ್ದಾಗ ಅವಳು ಮಾಡುತ್ತಿದ್ದಳು. ಅವಳು ಹೋಗಿ ಎಂಟು ವರ್ಷ. ಇದು ನಾನು ಮಾಡಿದ್ದು, ಪಾಕ ಸ್ವಲ್ಪ ಗಟ್ಟಿ.

ಕಾಂಪೊ ಎಲಿಯಾಸ್


ಎಲ್ ಬಾಂಕೊ, ೨ ಜುಲೈ ೨೦೦೮

ಪ್ರಿಯ ಕಾಂಪೊ ಎಲಿಯಾಸ್,

ಪಾಕ ಗಟ್ಟಿಯಾಗಿರಲಿಲ್ಲ. ತೊಮಾಸಾಗೆ ನಾಲ್ಕು ಹಣ್ಣು ಕೊಟ್ಟು ಉಳಿದುದನ್ನು ಅಲಮಾರಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಕಳೆದ ಸಲ ಕಳಿಸಿದ ಅಳತೆಯ ಹಾಳೆಯಲ್ಲಿ ಜೂನ್ ಹದಿನಾಲ್ಕರ ಬೆಳಿಗ್ಗೆಯ ಪಕ್ಕದಲ್ಲಿ ನೀನು ಪೆನ್ಸಿಲಿನಲ್ಲಿ ಬರೆದಿದ್ದೆ: 'ಇಂದು ಚಳಿ. ಬಿಸಿ ಬೆಲ್ಲದ ನೀರು ಕುಡಿದು ಇಳಿದೆ. ಸೇತುವೆಯ ಮೇಲೆ ನಾನೊಬ್ಬನೇ.' ಅದು ನನ್ನ ಕೈ ಸೇರುವ ಹೊತ್ತಿಗೆ ಆ ನೀರು ನಮ್ಮನ್ನು ದಾಟಿ ಸಮುದ್ರದ ಹಾದಿ ಹಿಡಿದಿತ್ತು. ಆದ್ದರಿಂದ ಈಗ ನಾನೊಂದು ಉಪಾಯ ಮಾಡಿದ್ದೇನೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಕುಳಿತು, ಆರು ದಿನ ಹಿಂದಕ್ಕೆ ಎಣಿಸಿ, ಇದು ಅವನು ಗುರುವಾರ ನೋಡಿದ ನೀರು ಎಂದುಕೊಳ್ಳುತ್ತೇನೆ. ಎರಡು ಬೆರಳಷ್ಟನ್ನು ಮಾತ್ರ. ಉಳಿದುದು ಬೇರೆಯವರದು.

ನನ್ನ ತರಗತಿಯ ಮಕ್ಕಳು ಇಂತಹ ವಾಕ್ಯ ಬರೆದಿದ್ದರೆ 'ವಿಷಯಕ್ಕೆ ಬಾ' ಎಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದೆ. ವಿಷಯಕ್ಕೆ ಬರುತ್ತೇನೆ. ಇಂದು ನೀರು ಹನ್ನೊಂದನೆಯ ಮೆಟ್ಟಿಲಿನಲ್ಲಿತ್ತು. ನಿನ್ನ ನೀರು ಬಂತು. ನೀನು ಬರಲಿಲ್ಲ ಎಂಬುದನ್ನು ಮೊದಲ ಸಲ ಗಮನಿಸಿದೆ.

ನಿನ್ನ
ನಿಕೊಲಾಸಾ


ಸೊವಾತಾ ಕೆಳಗಿನ ಸೇತುವೆ, ೧೬ ಜುಲೈ ೨೦೦೮

ನಿಕೊಲಾಸಾ,

ನಿಮ್ಮ ಪತ್ರ ಬಂತು. ಕೊನೆಯ ಸಾಲನ್ನು ಮೂರು ದಿನ ಮತ್ತೆ ಮತ್ತೆ ಓದಿದೆ. ನಾಲ್ಕನೆಯ ದಿನ ನಿರ್ಧಾರ ಮಾಡಿದೆ. ನಮ್ಮಿಬ್ಬರಿಗೆ ಆ ವೇದಿಕೆಯ ಮಾತು ಇನ್ನು ಸಾಕು. ಇಷ್ಟು ದಿನ ಅದನ್ನು ಬಾಯಲ್ಲಿ ಹಿಟ್ಟು ತುಂಬಿಕೊಂಡವನ ಹಾಗೆ ಆಡಿದೆ.

ನೀವು ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂರಬೇಡಿ. ಈ ತಿಂಗಳ ಅಳತೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ನಿಮಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕಾಂಪೊ ಎಲಿಯಾಸ್


ಎಲ್ ಬಾಂಕೊ, ೧೨ ಆಗಸ್ಟ್ ೨೦೦೮

ಮಾನ್ಯ ಶ್ರೀ ಕಾಂಪೊ ಎಲಿಯಾಸ್ ಅವರಿಗೆ,

ತಮ್ಮ ಪತ್ರವನ್ನೂ ಅದರ ಸರ್ವನಾಮವನ್ನೂ ಗಮನವಿಟ್ಟು ಓದಿದೆ. ನೀವು ತೋರಿದ ದಾರಿಯಲ್ಲಿಯೇ ನಾನೂ ನಡೆಯುತ್ತೇನೆ. ನನ್ನ ಹಿಂದಿನ ಪತ್ರದ ಕೊನೆಯ ಸಾಲನ್ನು ದಯವಿಟ್ಟು ಹೊಡೆದುಹಾಕಿ.

ಪ್ರಬಂಧದ ಮೊದಲೆರಡು ಅಧ್ಯಾಯಗಳನ್ನು ನೀವು ಬರೆಯಿರಿ. ಮೂರನೆಯದನ್ನು ನಾನು ಬರೆಯುತ್ತೇನೆ. ಮೆಟ್ಟಿಲ ಅಳತೆಯನ್ನು ಇನ್ನು ನಿಂತುಕೊಂಡೇ ತೆಗೆಯುತ್ತೇನೆ. ಬಿಸಿಲಿನ ಬಗೆಗಿನ ನಿಮ್ಮ ಎಚ್ಚರಿಕೆಗೆ ಕೃತಜ್ಞಳು.

ವಿಶ್ವಾಸಪೂರ್ವಕ,
ನಿಕೊಲಾಸಾ ಪಾಲೊಮಿನೊ


ಸೊವಾತಾ ಕೆಳಗಿನ ಸೇತುವೆ, ೩ ಸೆಪ್ಟೆಂಬರ್ ೨೦೦೮

ನಿಕೊಲಾಸಾ,

ನಿಮ್ಮ ಪತ್ರವನ್ನು ಸೇತುವೆಯ ಮೇಲೆಯೇ ಒಡೆದೆ. ಇಷ್ಟು ಬೇಗ, ಇಷ್ಟು ನೇರವಾಗಿ ಒಪ್ಪುತ್ತೀರಿ ಎಂದು ಎಣಿಸಿರಲಿಲ್ಲ. ಆ ದಿನ ಸಂಜೆಯ ಅಳತೆಯನ್ನು ಎರಡು ಸಲ ಬರೆದಿದ್ದೇನೆ, ಎರಡೂ ಸಲ ತಪ್ಪು. ಇಪ್ಪತ್ತೇಳು ವರ್ಷದಲ್ಲಿ ಮೊದಲನೆಯದು. ಆ ಸಾಲನ್ನು ಮಾತ್ರ ಹೊಡೆಯುವುದಿಲ್ಲ, ಕ್ಷಮಿಸಿ.

ಅಡುಗೆಮನೆಯ ಸೂರಿಗೆ ಹೆಂಚು ಹಾಕಿಸಿದೆ. ಬಾಗಿಲಿಗೆ ಹಸಿರು ಬಣ್ಣ ಬಳಿದೆ. ಕಾಲು ಮುರಿದ ಕುರ್ಚಿಯೊಂದು ಅಟ್ಟದಲ್ಲಿತ್ತು. ಅದನ್ನು ಇಳಿಸಿ ಕಾಲು ಜೋಡಿಸಿದೆ. ಈಗ ಮನೆಯಲ್ಲಿ ಎರಡು ಕುರ್ಚಿ ಇವೆ. ಪಕ್ಕದ ತೋಟದ ಅಜ್ಜಿ ನೋಡಿ, "ಏನು ಕಾಂಪೊ ಎಲಿಯಾಸ್, ಬಿಷಪ್ಪು ಬರ್ತಾರಾ?" ಎಂದಳು.

ಪರೀಕ್ಷೆಯ ದಿನ ಗೊತ್ತಾಯಿತು. ನವೆಂಬರ್ ಇಪ್ಪತ್ತೊಂಬತ್ತು, ಶನಿವಾರ, ಬರ್ರಾಂಕಾದ ಕೇಂದ್ರದಲ್ಲಿ. ಕ್ಯಾಮರಾ ಮುಂದೆಯೂ ಕೊಡಬಹುದಂತೆ, ಆದರೆ ಖುದ್ದಾಗಿ ಬರುವುದು ಒಳ್ಳೆಯದು ಎನ್ನುತ್ತಾರೆ. ನನಗೆ ಒಂದೂವರೆ ದಿನದ ಬಸ್ಸು. ನಿಮಗೆ ನದಿಯಲ್ಲಿ ಮೇಲಕ್ಕೆ ಒಂದು ಹಗಲಿನ ಲಾಂಚು. ನನ್ನ ನೀರು ನಿಮ್ಮ ನದಿಗೆ ಸೇರುವುದು ಅಲ್ಲಿಯೇ ಹತ್ತಿರ. ನೀವು ಬರುತ್ತೀರಲ್ಲ? ನಾನು ಬಂದರಿನಲ್ಲಿ ಕಾಯುತ್ತೇನೆ.

ನಿಮ್ಮ
ಕಾಂಪೊ ಎಲಿಯಾಸ್


ಎಲ್ ಬಾಂಕೊ, ೧ ಅಕ್ಟೋಬರ್ ೨೦೦೮

ಮಾನ್ಯ ಶ್ರೀ ಕಾಂಪೊ ಎಲಿಯಾಸ್ ಅವರಿಗೆ,

ನಿಮ್ಮ ಮನೆಯ ದುರಸ್ತಿಯ ವರದಿಯನ್ನು ಓದಿದೆ. ಹೆಂಚು, ಬಾಗಿಲು, ಕುರ್ಚಿ ಎಲ್ಲವೂ ಸುಸ್ಥಿತಿಗೆ ಬಂದುದು ಸಂತೋಷ. ಅದನ್ನು ನನಗೆ ತಿಳಿಸಿದ ಉದ್ದೇಶವೇನೆಂದು ತಿಳಿಯಲಿಲ್ಲ.

ಬರ್ರಾಂಕಾಕ್ಕೆ ನಾನು ಬರುವುದಿಲ್ಲ. ಆರೋಗ್ಯದ ಕಾರಣಕ್ಕಾಗಿ, ಪರೀಕ್ಷಕರ ಪ್ರಶ್ನೆಗಳನ್ನು ಪರದೆಯ ಮೇಲೆ ಬರಹದಲ್ಲಿ ಪಡೆದು ಇಲ್ಲಿಂದಲೇ ಉತ್ತರಿಸಲು ಅನುಮತಿ ಕೇಳಿದ್ದೆ. ದೊರೆತಿದೆ. ಆದ್ದರಿಂದ ನೀವು ಬಂದರಿನಲ್ಲಿ ಕಾಯುವ ಅಗತ್ಯವಿಲ್ಲ.

ಮೂರನೆಯ ಅಧ್ಯಾಯ ಇದರೊಂದಿಗಿದೆ. 'ವಿಳಂಬ' ಎಂಬುದನ್ನು ಮೂವತ್ತೊಂದು ಕಡೆ ಸರಿಯಾಗಿ ಬರೆದಿದ್ದೇನೆ. ನೋಡಿ ನಕಲು ಮಾಡಿಕೊಳ್ಳಬಹುದು.

ನಿಕೊಲಾಸಾ ಪಾಲೊಮಿನೊ


ಸೊವಾತಾ ಕೆಳಗಿನ ಸೇತುವೆ, ೨೨ ಅಕ್ಟೋಬರ್ ೨೦೦೮

ನಿಕೊಲಾಸಾ ಟೀಚರಿಗೆ,

ನಿನ್ನ ಪತ್ರ ಮತ್ತು ಅಧ್ಯಾಯ ತಲುಪಿದವು. ನಿನ್ನ ನಿರ್ಧಾರ ತಿಳಿಯಿತು. ನಿನ್ನ ಆರೋಗ್ಯ ಸುಧಾರಿಸಲಿ.

ನಾನು ಬರ್ರಾಂಕಾಕ್ಕೆ ಹೋಗುತ್ತೇನೆ. ನವೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಹೊರಡುವೆ. ನಿನ್ನ ಮೆಟ್ಟಿಲುಗಳ ಬಗ್ಗೆ ಕೇಳಿದರೆ ನಿನ್ನ ಪುಟ ತೋರಿಸುತ್ತೇನೆ. ನಮ್ಮ ಸಮೀಕರಣಕ್ಕೆ ಸಿಗದೆ ಹೊರಗುಳಿಯುವ ಉಳಿಕೆ ಸೆಪ್ಟೆಂಬರಿನಿಂದ ಹೆಚ್ಚಾಗಿದೆ. ಎಲ್ಲಿ ತಪ್ಪಿದೆನೋ ಹುಡುಕಿದೆ, ಸಿಗಲಿಲ್ಲ.

ಇಷ್ಟು ದಿನ ಜೊತೆಗೆ ಕೆಲಸ ಮಾಡಿದ್ದಕ್ಕೆ ನಿನಗೆ ಕೃತಜ್ಞತೆ.

ಕಾಂಪೊ ಎಲಿಯಾಸ್ ಸುವೆಸ್ಕುನ್


ಎಲ್ ಬಾಂಕೊ, ೨೦ ನವೆಂಬರ್ ೨೦೦೮

ಕಾಂಪೊ ಎಲಿಯಾಸ್,

ಈ ಪತ್ರವನ್ನು ಹೇಗೆ ಸಂಬೋಧಿಸಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ನಡೆದುದನ್ನು ಕ್ರಮವಾಗಿ ಹೇಳುತ್ತೇನೆ.

ಅಕ್ಟೋಬರ್ ಇಪ್ಪತ್ತೆರಡರ ಪತ್ರದಲ್ಲಿ ಮತ್ತೆ 'ನಿನ್ನ' ಎಂದು ಕಂಡಾಗ ನನಗೆ ಸಂತೋಷವಾಯಿತು. ಹುಡುಗಿಯಂತೆ ಸಂತೋಷಪಟ್ಟೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದು ಸತ್ಯ. ಮರಳಿ ಬಂದ ಎಂದುಕೊಂಡೆ. ಎರಡನೆಯ ಸಲ ಕೆಂಪು ಪೆನ್ಸಿಲು ಹಿಡಿದು ಓದಿದೆ. ಸರ್ವನಾಮ ಒಂದು ಹೇಳುತ್ತಿತ್ತು, ವಾಕ್ಯಗಳು ಇನ್ನೊಂದು. ಇಡೀ ಹೆಸರಿನ ಸಹಿ ಬೇರೆ. ಮೂವತ್ತನಾಲ್ಕು ವರ್ಷ ವ್ಯಾಕರಣ ಕಲಿಸಿದವಳಿಗೆ ಇಂತಹ ವಾಕ್ಯವನ್ನು ವಿಂಗಡಿಸಲು ಬರಲಿಲ್ಲ.

ಕಳೆದ ಭಾನುವಾರ ಸಂತೆಗೆ ಹೋಗಿದ್ದೆ. ಬೊಯಾಕಾದಿಂದ ಲಾರಿಯಲ್ಲಿ ಆಲೂಗಡ್ಡೆ ತರುವ ದಂಪತಿಗಳಿದ್ದಾರೆ. ನಾನು ಗೆಡ್ಡೆ ಆರಿಸುತ್ತಿದ್ದಾಗ ಆ ಗಂಡಸು ಗುಡುಗಿದ: "ಇಳೀರಿ ಅಲ್ಲಿಂದ! ಮೂಟೆ ಮೇಲೆ ಹತ್ತಿ ಕೂತಿದ್ದೀರಲ್ಲಾ, ನಾಚ್ಕೆ ಆಗಲ್ವಾ ನಿಮ್ಗೆ?" ಯಾವ ಹಿರಿಯರಿಗೆ ಇಂತಹ ಅವಮಾನವೆಂದು ತಿರುಗಿದರೆ, ಮೂಟೆಯಿಂದ ಕೆಳಗಿಳಿದುದು ಒಂದು ಕಂದು ನಾಯಿ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಚಿನ್ನಾ, ನೀವಿನ್ನೂ ತಿಂಡಿ ತಿಂದಿಲ್ಲ ಅಲ್ವಾ? ಬನ್ನಿ, ಅರೆಪಾ ರೊಟ್ಟಿ ಆರೋಗತ್ತೆ" ಎಂದ. ಅಷ್ಟರಲ್ಲಿ ಬಂದರಿನ ಪೊಲೀಸು ಬಂದ. ಅವನಿಗೆ, "ಹೇಳು ಸಾರ್, ನಿಂಗೆಷ್ಟು ಕಿಲೊ?"

ನನಗೆ ತಡೆಯಲಾಗಲಿಲ್ಲ. "ಏನಪ್ಪಾ, ನಾಯಿಗೆ ನೀವು, ಪೊಲೀಸಿಗೆ ನೀನು! ಇದ್ಯಾವ ವ್ಯಾಕರಣ?" ಎಂದು ಕೇಳಿದೆ.

"ಅಮ್ಮಾ, ಪೊಲೀಸ್ನೋನು ನಮ್ಮನೆಯೋನಾ? ನೀವು ಇಲ್ಲಿಯೋರು ನೀನು ಅಂದ್ರೆ ಖುಷಿ ಪಡ್ತೀರಿ, ವ್ಯಾಪಾರಕ್ಕೆ ಅಂತ ಅಂತೀನಿ. ಬಾಯಿಗೆ ಒಗ್ಗಲ್ಲ. ನಮ್ಮ ಕಡೆ ಮನೆಯೋರ್ಗೆ ನೀವು. ನಮ್ಮವ್ವ ನಾನು ತೊಟ್ಟಿಲಲ್ಲಿ ಇದ್ದಾಗ್ಲೇ ನಂಗೆ ನೀವು ಅಂತಿದ್ಲು."

ಆತನ ಹೆಂಡತಿ ಬಾಯಿಯಲ್ಲಿ ಅರೆಪಾ ಇಟ್ಟುಕೊಂಡೇ ನಕ್ಕಳು. "ಇವ್ರು ನಂಗೆ ಒಂದೇ ಒಂದು ಸಲ ನೀನು ಅಂದಿದ್ದು ಅಮ್ಮಾ. ಆವತ್ತೇ ಗಂಟು ಕಟ್ಕೊಂಡು ತವರಿಗೆ ಹೋದೆ. ಎಂಟು ದಿನ ಬಂದಿರ್ಲಿಲ್ಲ."

ನಾನು ಆಲೂಗಡ್ಡೆಯ ಚೀಲವನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ಎಲ್ಲ ಪತ್ರಗಳನ್ನೂ ದಿನಾಂಕದ ಕ್ರಮದಲ್ಲಿ ಮೇಜಿನ ಮೇಲೆ ಹರಡಿ ಮತ್ತೆ ಓದಿದೆ. ಮೊರೊಚಾಗೆ ನೀವು ಎಂದು ಬರೆದಿದ್ದಿರಿ, ಹಾಸ್ಯವೆಂದುಕೊಂಡೆ. ವೇದಿಕೆಯ ಮಾತು ಸಾಕು ಎಂದಿರಿ. ನಾನೇ ಸಾಕಾದೆ ಎಂದು ಓದಿದೆ. ಬಿಸಿಲಿನಲ್ಲಿ ಕೂರಬೇಡಿ ಎಂದಿರಿ. ಕಾಯಬೇಡ ಎಂದು ಓದಿದೆ. ನೀವು ನನ್ನನ್ನು ಮನೆಯೊಳಗೆ ಕರೆದ ದಿನ, ಹೊರಗೆ ಹಾಕಿದಿರೆಂದು ಭಾವಿಸಿ ಆ ಮಾತನ್ನೇ ಕಲ್ಲಿನಂತೆ ಹಿಂದಕ್ಕೆ ಎಸೆದೆ. ನೀವು ಅದನ್ನು ಹಿಡಿದುಕೊಂಡು ಸೂರಿಗೆ ಹೆಂಚು ಹಾಕಿಸಿದಿರಿ. ಎರಡನೆಯ ಕುರ್ಚಿಯ ಉದ್ದೇಶ ತಿಳಿಯಲಿಲ್ಲವೆಂದು ಉತ್ತರ ಬರೆದವಳು ನಾನು. ಇತರರ ಭಾಷೆಯನ್ನು ತಿದ್ದುವುದೇ ಬದುಕಾದವಳಿಗೆ ಅದನ್ನು ಕೇಳಿಸಿಕೊಳ್ಳುವುದು ಬಂದಿರಲಿಲ್ಲ.

ಕೇಳಿಸಿಕೊಳ್ಳುವುದು ಎಂದೆ. ಬಚ್ಚಿಟ್ಟ ಇನ್ನೊಂದು ಸಂಗತಿಯಿದೆ. ನನ್ನ ಎಡಗಿವಿ ಆರು ವರ್ಷದಿಂದ ಪೂರ್ಣ ಕಿವುಡು. ಬಲಗಿವಿಗೆ, ಹತ್ತಿರ ಕುಳಿತು ಹೇಳಿದರೆ ಮಾತ್ರ ಕೇಳುತ್ತದೆ. ದೂರವಾಣಿ ಬೇಡವೆಂದುದು ಅದಕ್ಕಾಗಿ, ವಾಕ್ಯಗಳ ಸಲುವಾಗಿ ಅಲ್ಲ. 'ಆರೋಗ್ಯದ ಕಾರಣ' ಎಂದುದೂ ಇದನ್ನೇ. ಪರೀಕ್ಷಕರೆದುರು, ಅದಕ್ಕಿಂತ ಹೆಚ್ಚಾಗಿ ಬಂದರಿನಲ್ಲಿ ನಿಮ್ಮೆದುರು, "ಏನು? ಏನಂದಿರಿ?" ಎಂದು ಕೇಳುತ್ತ ನಿಲ್ಲುವ ಧೈರ್ಯ ಇರಲಿಲ್ಲ. ನಿಮ್ಮ ಸರ್ವನಾಮ ನನಗೆ ಒಳ್ಳೆಯ ನೆಪವಾಯಿತು.

ಇನ್ನು ಲೆಕ್ಕ. ಈ ಪತ್ರವನ್ನು ಇಂದು ಅಂಚೆಗೆ ಹಾಕಿದರೆ ಇಪ್ಪತ್ತೊಂಬತ್ತಕ್ಕೆ ಸೊವಾತಾ ತಲುಪುತ್ತದೆ. ಅಂದು ನೀವು ಬರ್ರಾಂಕಾದಲ್ಲಿರುತ್ತೀರಿ. ವೇದಿಕೆಯಲ್ಲಿ ನಲವತ್ತು ಜನರೆದುರು ಬರೆಯುವ ಮಾತುಗಳಲ್ಲ ಇವು. ನದಿಯಾದರೋ ನಿಮ್ಮಿಂದ ನನ್ನೆಡೆಗೆ ಮಾತ್ರ ಹರಿಯುತ್ತದೆ. ಎಲ್ಲ ರೀತಿಯಿಂದಲೂ ಲೆಕ್ಕ ಹಾಕಿ ನೋಡಿದೆ. ಉತ್ತರ ಒಂದೇ ಬರುತ್ತದೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತರುತ್ತೇನೆ.

ನಿನ್ನೆ ತೊಮಾಸಾ ಬರ್ರಾಂಕಾದ ಕೇಂದ್ರಕ್ಕೆ ಫೋನು ಮಾಡಿದಳು. ಕಿವುಡಿಯಾದ ನನಗೂ ಕೇಳುವಷ್ಟು ಜೋರಾಗಿ, "ನಮ್ಮಕ್ಕ ಖುದ್ದಾಗಿ ಬರ್ತಾಳೆ, ಬರ್ಕೊಳ್ರಿ! ಪ್ರಶ್ನೆ ಚೀಟೀಲಿ ಬರೆದು ಕೊಡ್ರಿ, ಅಕ್ಷರ ತಪ್ಪಿದ್ರೆ ನಿಮ್ಗೇ ಫೇಲ್ ಮಾಡ್ತಾಳೆ!" ಎಂದಳು. ಫೋನು ಇಟ್ಟು ನನ್ನ ಕಡೆ ತಿರುಗಿ, "ನಡಿ, ಆ ಖರ್ಜೂರದ ಅಲಮಾರಿನ ಬೀಗ ತೆಗಿ. ಪರೀಕ್ಷೆ ಬರಿಯೋಕೆ ಮಾತ್ರ ಹೋಗ್ತಿದ್ದೀಯ ಅಂತ ನಂಗೆ ಹೇಳ್ಬೇಡ" ಎಂದಳು.

ಇಪ್ಪತ್ತೆಂಟರ ಬೆಳಿಗ್ಗೆಯ ಲಾಂಚು. ಅಂದು ನಮ್ಮ ಮೆಟ್ಟಿಲಿಗೆ ಬರುವ ನೀರು ನೀವು ಇಪ್ಪತ್ತೆರಡಕ್ಕೆ ನೋಡುವ ನೀರು. ಅದನ್ನು ಅಳೆದು, ಬರೆದುಕೊಂಡು, ಹೊರಡುತ್ತೇನೆ. ಬಂದರಿನಲ್ಲಿ ನನ್ನನ್ನು ಕಾಯುವವರಿಲ್ಲವೆಂದು ತಿಳಿದಿದೆ. ಕಾಯಬೇಡಿರೆಂದು ಬರೆದವಳು ನಾನೇ.

ನಿಮ್ಮ
ನಿಕೊಲಾಸಾ


(ಮೇಲಿನ ಪತ್ರದ ಕೊನೆಯ ಹಾಳೆಯ ಹಿಂಬದಿ, ಪೆನ್ಸಿಲಿನಲ್ಲಿ)

ಬರ್ರಾಂಕಾ, ಪರೀಕ್ಷಾ ಕೋಣೆಯ ಹೊರಗಿನ ಬೆಂಚು, ೨೯ ನವೆಂಬರ್ ೨೦೦೮

ನಿಕೊಲಾಸಾ,

ಒಳಗೆ ಇನ್ನೂ ಹನ್ನೆರಡನೆಯ ಜೋಡಿ ಇದೆ. ನಮ್ಮ ಸರದಿಗೆ ಒಂದು ಗಂಟೆಯಾದರೂ ಬೇಕು. ಪತ್ರವನ್ನು ಎರಡು ಸಲ ಓದಿದೆ. ನೀವು ಎದುರಿಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಿರಿ, ಅದಕ್ಕೆ ಓದುವುದು ನಿಧಾನವಾಯಿತು.

ಒಂದು ಮಾತು ನೀವು ತಪ್ಪು ತಿಳಿದಿದ್ದೀರಿ. ನಾನು ನಿನ್ನೆ ಬಂದರಿಗೆ ಹೋಗಿದ್ದೆ. ಕಾಯಬೇಡಿ ಎಂದಿದ್ದಿರಿ, ಆದ್ದರಿಂದ ಕಾಯಲಿಲ್ಲ. ಸುಮ್ಮನೆ ನೀರು ನೋಡುತ್ತ ಕೂತಿದ್ದೆ. ಸಂಜೆ ಆರಕ್ಕೆ ಎದ್ದುಬಂದೆ. ನಿಮ್ಮ ಲಾಂಚು ಬಂದದ್ದು ಏಳಕ್ಕಂತೆ.

ಈಗ ಹೇಳಿ, ಯಾವ ಕಡೆ ಕೂರಲಿ ನಾನು? ಇದನ್ನು ಫೆಬ್ರವರಿಯಲ್ಲಿಯೇ ಕೇಳಬೇಕಿತ್ತು. ವಿಳಂಭಕ್ಕೆ ಕ್ಷಮಿಸಿ.

ಕಾಂಪೊ ಎಲಿಯಾಸ್


(ಅದರ ಕೆಳಗೆ, ಕೆಂಪು ಪೆನ್ಸಿಲಿನಲ್ಲಿ)

ಬಲಗಡೆ ಕುಳಿತುಕೊಳ್ಳಿ. ಇನ್ನೂ ಹತ್ತಿರ.

ವಿಳಂಭ ನನ್ನದೂ ಹೌದು.

ನಿ.